ಮಂಡಿನೋವಿಗೆ ಐದನೇ ನಂಬರ್ ಅಲೆನ್ ಕೀ

ನೋವು ಶುರುವಾಗಿದ್ದು ಸೈಕಲ್ ಮೇಲಲ್ಲ, ಮನೆಯ ಮೆಟ್ಟಿಲ ಮೇಲೆ. ಒಂದು ಭಾನುವಾರ ಮಹಡಿಯಿಂದ ಒಣಗಿದ ಬಟ್ಟೆ ತರುತ್ತಿದ್ದೆ. ಬಲಮಂಡಿಯ ಚಿಪ್ಪಿನ ಕೆಳಗೆ ಯಾರೋ ಸೂಜಿ ಚುಚ್ಚಿ ತಿರುಗಿಸಿದ ಹಾಗಾಯಿತು. ಹತ್ತುವಾಗ ಅಷ್ಟಿಲ್ಲ, ಇಳಿಯುವಾಗಲೇ ಜಾಸ್ತಿ. "ನಲವತ್ತಾರಾಯ್ತಲ್ಲ, ಇನ್ಮೇಲೆ ಇದೆಲ್ಲ ಬರೋದೇ" ಅಂದರು ಮನೆಯವರು. ಅವರಿಗೆ ಐವತ್ತೊಂದು. ಅವರ ಮಂಡಿ ಗುಂಡುಕಲ್ಲಿನ ಹಾಗಿದೆ.

ನಾನೇನು ದೊಡ್ಡ ಸೈಕ್ಲಿಸ್ಟ್ ಅಲ್ಲ. ವಾರಕ್ಕೆ ಮೂರು ದಿನ ಬೆಳಗ್ಗೆ ಐದೂವರೆಗೆ ಹೊರಟು, ಕುಕ್ಕರಹಳ್ಳಿ ಕೆರೆ ಪಕ್ಕದಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ಸುತ್ತಿ, ಏಳಕ್ಕೆ ಬಂದು ಕುಕ್ಕರ್ ಇಡುವವಳು. 2017ರಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ಇಪ್ಪತ್ತು ವರ್ಷದ ಮೇಲೆ ಮತ್ತೆ ಹ್ಯಾಂಡಲ್ ಹಿಡಿದೆ. 2020ರಲ್ಲಿ ಲಾಕ್‌ಡೌನ್ ಸಡಿಲವಾದ ಮೇಲೆ ಸ್ವಂತದ್ದೇ ತಗೊಂಡೆ. ಆಗ ಊರಿಗೆ ಊರೇ ಸೈಕಲ್ ಅಂಗಡಿ ಮುಂದೆ ನಿಂತಿತ್ತು, ನೆನಪಿದೆಯಲ್ಲ? ನನಗೆ ಸಿಕ್ಕಿದ್ದು 21 ಗೇರಿನ ಒಂದು ಹೈಬ್ರಿಡ್, ರೋಡ್ ಸೈಕಲ್ಲಿಗೂ ಮೌಂಟನ್ ಬೈಕಿಗೂ ಹುಟ್ಟಿದ ಮಿಶ್ರತಳಿ. ನನ್ನ ಎತ್ತರ ಐದಡಿ ಮೂರಿಂಚು. "16 ಇಂಚಿನ ಫ್ರೇಮ್ ಸ್ಟಾಕ್ ಇಲ್ಲ ಮೇಡಂ. 18 ತಗೊಂಡ್ಬಿಡಿ. ಸೀಟು ಇಳಿಸಿ ಕೊಡ್ತೀವಿ, ಎಲ್ಲಾ ಒಂದೇ" ಅಂದ ಅಂಗಡಿ ಹುಡುಗ. ಇಳಿಸಿಯೂ ಕೊಟ್ಟ. ಕೂತರೆ ಎರಡೂ ಕಾಲು ನೆಲಕ್ಕೆ ತಾಗುತ್ತಿದ್ದವು. ನನಗೂ ಅದೇ ಬೇಕಿತ್ತು.

ನಾಲ್ಕು ವರ್ಷ ಸುಮ್ಮನಿದ್ದ ಮಂಡಿ ಆಮೇಲೆ ಕೂಗಿದ್ದು ಬೆಟ್ಟದಿಂದ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಚಾಮುಂಡಿ ಬೆಟ್ಟ ಹತ್ತುವ ಹುಚ್ಚು ಹಿಡಿಯಿತು. ತಾವರೆಕಟ್ಟೆಯಿಂದ ಏರು ಶುರು. ಬೆಟ್ಟದ ನೆತ್ತಿ ಊರಿಗಿಂತ ಸುಮಾರು 300 ಮೀಟರ್ ಮೇಲಿದೆ. ಹಗುರಾಗಿ ತುಳಿಯಲು ಬರುವ ಸಣ್ಣ ಗೇರ್ ಹಾಕುವುದು ಸೋತ ಹಾಗೆ ಅಂತ ಅದ್ಯಾವ ದಡ್ಡತನವೋ, ದೊಡ್ಡ ಗೇರಿನಲ್ಲೇ ತಿರುವು ತಿರುವಿಗೂ ತುಳಿದು, ಏದುಸಿರು ಬಿಡುತ್ತ, ಉಸಿರಿಗೊಂದು ಪೆಡಲಿನಂತೆ ಹತ್ತುತ್ತಿದ್ದೆ. ವಾರಕ್ಕೊಂದು ಸಲ. ಎಂಟನೇ ವಾರಕ್ಕೆ ಮೆಟ್ಟಿಲ ಮೇಲಿನ ಆ ಸೂಜಿ.

ಡಾಕ್ಟರ್ ಹತ್ತಿರ ಹೋದೆ. ಎಕ್ಸ್‌ರೇ ತೆಗೆಸಿದರು. ಮೂಳೆ ಚೆನ್ನಾಗಿದೆ, ಸೈಕಲ್ ಬಿಡಿ, ವಾಕಿಂಗ್ ಮಾಡಿ ಅಂದರು. ಮೂರು ವಾರ ಬಿಟ್ಟೆ. ನೋವು ಹೋಯಿತು. ಮತ್ತೆ ಹತ್ತಿದೆ, ಎರಡನೇ ದಿನಕ್ಕೆ ವಾಪಸ್ ಬಂತು. ಮೂಳೆ ಚೆನ್ನಾಗಿದೆ, ಸೈಕಲ್ ಬಿಟ್ಟರೆ ನೋವಿಲ್ಲ. ಹಾಗಾದರೆ ತೊಂದರೆ ನನ್ನಲ್ಲಿಲ್ಲ, ಸೈಕಲ್‌ನಲ್ಲಿದೆ ಅಂತ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ವಯಸ್ಸಾಯಿತು ಅಂತ ಒಪ್ಪಿಕೊಂಡುಬಿಟ್ಟಿದ್ದೆ.

ನನ್ನನ್ನು ರಿಪೇರಿ ಅಂಗಡಿಗೆ ಕರೆದುಕೊಂಡು ಹೋಗಿದ್ದು ಮಂಡಿ ಅಲ್ಲ, ಒಂದು ಸದ್ದು. ಹಿಂದಿನ ಚಕ್ರ ಕರಕರ ಅನ್ನುತ್ತಿತ್ತು. ಸಾಲದ್ದಕ್ಕೆ ಡಿಸೆಂಬರ್‌ನ ಒಂದು ಚಳಿ ಬೆಳಗ್ಗೆ ಚೈನ್ ತಿರುಗುವುದಕ್ಕೇ ಹಟ ಮಾಡಿತು. ಗೇರ್ ಬದಲಿಸಿದರೆ ಹಾರಿ ಹಾರಿ ಬೀಳುತ್ತಿತ್ತು.

ನಮ್ಮ ಬಡಾವಣೆಯ ಹಿಂದಿನ ರಸ್ತೆಯಲ್ಲಿ ಹೊಂಗೆಮರದ ಕೆಳಗೆ ಒಂದು ತಗಡಿನ ಅಂಗಡಿ ಇದೆ. ಹೊರಗೆ ಹಳೇ ಟೈರುಗಳ ಮಾಲೆ, ಪಂಚರ್ ನೋಡುವ ನೀರಿನ ಬಾಂಡ್ಲಿ, ಗಾಳಿ ಪಂಪು. ಒಳಗೆ ಎಪ್ಪತ್ತರ ಆಸುಪಾಸಿನ ಯಜಮಾನರು. ಅವರು ಚೈನ್ ಮೇಲೆ ಬೆರಳಾಡಿಸಿದರು. ಬೆರಳಿಗೆ ಬಂದಿದ್ದು ಎಣ್ಣೆ ಅಲ್ಲ, ಕಪ್ಪು ಮೇಣ. ಮೂಸಿ ನೋಡಿದರು. ಮುಖ ಒಂಥರಾ ಆಯಿತು.

"ಏನವ್ವಾ ಇದು, ಚೈನಿಗೆ ಒಗ್ಗರಣೆ ಹಾಕಿದ್ದೀರಾ?"

ಕೊಬ್ಬರಿ ಎಣ್ಣೆ ಹಾಕಿದ್ದೆ. ಹೊಲಿಗೆ ಮೆಶಿನ್ ಎಣ್ಣೆ ಮುಗಿದಿತ್ತು, ಕೈಗೆ ಸಿಕ್ಕಿದ್ದು ಅದು. ಎಣ್ಣೆ ಎಣ್ಣೆಯೇ ಅಲ್ವಾ? ಅಲ್ಲವಂತೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಾಟಲಿಯೊಳಗೆ ಬೆಳ್ಳಗೆ ಕೂತುಬಿಡುತ್ತದಲ್ಲ, ಅದೇ ಕೆಲಸವನ್ನು ಚೈನಿನ ಒಳಗೂ ಮಾಡಿದೆ. ಮೈಸೂರಿನ ಡಿಸೆಂಬರ್ ಬೆಳಗ್ಗೆ 15, 16 ಡಿಗ್ರಿ. ಬಿಸಿಲೇರಿದ ಮೇಲೆ ಕರಗಿ, ರಸ್ತೆಯ ದೂಳನ್ನೆಲ್ಲ ಹಿಡಿದು ಕಲಸಿಕೊಂಡಿದೆ. ದೂಳು ಕಲಸಿದ ಎಣ್ಣೆ ಅಂದರೆ ಸಾಣೆ ಹಿಡಿಯುವ ಕಲ್ಲಿದ್ದಂತೆ. ಎರಡು ವರ್ಷದಿಂದ ನಾನು ನನ್ನ ಚೈನನ್ನು ಒಳಗಿನಿಂದಲೇ ಸಾಣೆ ಹಿಡಿಯುತ್ತಿದ್ದೆ.

ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಫ್ರೇಮಿಗೆ ಕಿವಿ ಕೊಟ್ಟು ಕೇಳಿದರು. "ವಾಟರ್ ಸರ್ವೀಸ್ ಮಾಡ್ಸಿದ್ರಾ?"

ಅದೂ ಹೌದು. ಆಯುಧಪೂಜೆಗೆ ಸ್ಕೂಟರ್ ತೊಳೆಸುವಾಗ ಸೈಕಲ್ಲನ್ನೂ ಪೈಪಿನ ಮುಂದೆ ನಿಲ್ಲಿಸಿದ್ದೆ. ಪಳಪಳ ಅಂತ ಹೊಳೆಯಿತು. ಆ ಹುಡುಗನಿಗೆ ಹತ್ತು ರೂಪಾಯಿ ಜಾಸ್ತಿಯೇ ಕೊಟ್ಟಿದ್ದೆ.

"ಬಾಲ್ಸು ಕುಣೀತಾ ಇದೆ ಕಣವ್ವ. ಓವರಾಲಿಂಗ್ ಮಾಡ್ಬೇಕು. ಶನಿವಾರ ಬಿಟ್ಟೋಗಿ" ಅಂದರು. ಆಮೇಲೆ ನಾನು ಸೈಕಲ್ ಹತ್ತಿ ಹೊರಟಿದ್ದನ್ನು ನೋಡಿ ಹಿಂದಿನಿಂದ ಕೂಗಿದರು. "ನಿಂತ್ಕಳಿ! ಮಂಡಿ ನೋಯಲ್ವಾ ನಿಮ್ಗೆ?"

ನಾನು ಬ್ರೇಕ್ ಹಿಡಿದು ಅಲ್ಲೇ ನಿಂತೆ. ಅವರು ಮಂಡಿಯನ್ನು ಮುಟ್ಟಿರಲಿಲ್ಲ, ಎಕ್ಸ್‌ರೇ ನೋಡಿರಲಿಲ್ಲ. ನಾಲ್ಕು ಪೆಡಲ್ ತುಳಿದಿದ್ದನ್ನು ನೋಡಿದ್ದರು, ಅಷ್ಟೇ. "ಸಣ್ಣಮಕ್ಕಳ ಸೈಕಲ್ ಮೇಲೆ ಸರ್ಕಸ್ ಕರಡಿ ಕೂತಂಗೆ ಕಾಣ್ತೀರಿ" ಅನ್ನುವ ಅರ್ಥದ ಮಾತನ್ನು ಸ್ವಲ್ಪ ಮರ್ಯಾದೆಯಾಗಿ ಹೇಳಿದರು.

ಆಮೇಲೆ ಅವರು ಮಾಡಿಸಿದ ಅಳತೆಗೆ ಟೇಪು ಬೇಕಿರಲಿಲ್ಲ. ಸೈಕಲ್ ಪಕ್ಕದಲ್ಲಿ ನಿಲ್ಲಿಸಿ, ಪೆಡಲ್ ಹಿಡಿದಿರುವ ಎರಡು ತೋಳು, ಅಂದರೆ ಕ್ರ್ಯಾಂಕ್, ಸೇರುವ ನಡುವಿನ ಆಕ್ಸಲ್‌ಗೆ ನನ್ನ ನಡುಬೆರಳಿನ ತುದಿ ಮುಟ್ಟಿಸಲು ಹೇಳಿದರು. ಕೈ ನೀಟಾಗಿ ಚಾಚಿ ಬಗ್ಗಿದರೆ ಸೀಟು ಕಂಕುಳಿಗೆ ಬಂದು ಕೂರಬೇಕು. ನನ್ನ ಸೀಟು ಕಂಕುಳಿಂದ ನಾಲ್ಕು ಬೆರಳು ಕೆಳಗಿತ್ತು. "ನಮ್ಮಪ್ಪ 24 ಇಂಚಿನ ಸೈಕಲ್ ಮಾರುವಾಗ್ಲೂ ಇಂಗೇ ಅಳೀತಿದ್ರು" ಅಂದರು. ಇದು ಸುಮಾರು ಲೆಕ್ಕ. ಕೈ ಉದ್ದ, ಕಾಲುದ್ದ ಎಲ್ಲರಿಗೂ ಒಂದೇ ಹೊಂದಿಕೆಯಲ್ಲಿ ಇರುವುದಿಲ್ಲ. ಆದರೆ ಎಷ್ಟು ತಪ್ಪಿದೆ ಅನ್ನುವುದು ಒಂದೇ ನೋಟಕ್ಕೆ ಕಾಣುತ್ತದೆ.

ಸೀಟು ತಗ್ಗಿದ್ದರೆ ಆಗುವುದೇನು ಅಂದರೆ, ಪೆಡಲ್ ಮೇಲೆ ಬಂದಾಗ ಮಂಡಿ ಅತಿಯಾಗಿ ಮಡಚುತ್ತದೆ. ಮಡಚಿದ ಮಂಡಿಯ ಮೇಲೆ ಜೋರು ಹಾಕಿ ತುಳಿದರೆ ಚಿಪ್ಪು ಹಿಂದಿನ ಮೂಳೆಗೆ ಒತ್ತಿಕೊಳ್ಳುತ್ತದೆ. ಕುಕ್ಕರಗಾಲಲ್ಲಿ ಕೂತು ಪ್ರತಿ ಸಲ ಅಲ್ಲಿಂದಲೇ ಎದ್ದ ಹಾಗೆ. ಅದೂ ದೊಡ್ಡ ಗೇರಿನಲ್ಲಿ, ಬೆಟ್ಟದ ಏರಿನಲ್ಲಿ. ನನ್ನ ಮಂಡಿ ಎಂಟು ವಾರ ತಡೆದುಕೊಂಡಿದ್ದೇ ದೊಡ್ಡದು.

"ಈಗ್ಲೇ ಏರಿಸ್ಲಾ?" ಅಂದರು. ನನಗೆ ಭಯ. ಕಾಲು ನೆಲಕ್ಕೆ ಎಟುಕದಿದ್ದರೆ ಸಿಗ್ನಲ್‌ನಲ್ಲಿ ಏನು ಮಾಡಲಿ? ಅವರು ನಕ್ಕರು. "ಚಿಕ್ಕೋರಿದ್ದಾಗ ಒಳಪೆಡ್ಲು ಹೊಡೀಲಿಲ್ವಾ? ಆಗ ಕಾಲು ಎಟುಕ್ತಿತ್ತಾ?"

ಅವರು ಹೇಳಿದ್ದು ಮನೆಗೆ ಬರುವವರೆಗೂ ತಲೆಯಲ್ಲಿ ಕೊರೆಯುತ್ತಿತ್ತು. ಅಪ್ಪನ 22 ಇಂಚಿನ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕಂಕುಳಲ್ಲಿ ಸೀಟು ಅವಚಿಕೊಂಡು ಇಡೀ ಬೀದಿ ಸುತ್ತಿದವಳು ನಾನು. ಆಮೇಲೆ ಬಾರ್ ಮೇಲೆ, ಆಮೇಲೆ ಸೀಟಿನ ಮೇಲೆ. ಯಾವತ್ತೂ ಕಾಲು ನೆಲ ಮುಟ್ಟಿರಲಿಲ್ಲ. ನಿಲ್ಲಿಸಬೇಕಾದರೆ ಜಾರಿ ಇಳಿಯುತ್ತಿದ್ದೆವು. ಕೂತಲ್ಲೇ ಎರಡು ಕಾಲು ಊರಬೇಕು ಅನ್ನುವ ಆಸೆ ಸ್ಕೂಟರ್ ಬಂದ ಮೇಲಿನದು.

ಮರುದಿನ ಮನೆ ಮುಂದಿನ ರಸ್ತೆಯಲ್ಲಿ ನಿಲ್ಲುವುದನ್ನೇ ಪ್ರಾಕ್ಟೀಸ್ ಮಾಡಿದೆ. ಬ್ರೇಕ್ ಹಿಡಿಯುವಾಗ ಬಲ ಪೆಡಲ್ ಕೆಳಗಿರಬೇಕು. ಅದರ ಮೇಲೆ ನಿಂತು ಸೀಟಿನಿಂದ ಮುಂದಕ್ಕೆ ಜಾರಬೇಕು. ಸೈಕಲ್ ನಿಲ್ಲುವ ಹೊತ್ತಿಗೆ ಎಡಗಾಲು ನೆಲಕ್ಕೆ. ಹೊರಡುವಾಗ ಬಲ ಪೆಡಲನ್ನು ಮೇಲಕ್ಕೆ ತಂದು, ಅದನ್ನು ತುಳಿದೇ ಮೇಲೆದ್ದು ಕೂರಬೇಕು. ಇಪ್ಪತ್ತು ಸಲ ಮಾಡಿದೆ. ಎದುರು ಮನೆಯ ಅಜ್ಜಿ ಕಾಂಪೌಂಡ್ ಹತ್ತಿರ ಬಂದು "ಬ್ರೇಕ್ ಕೆಟ್ಟಿದ್ಯಾ ಮಗಳೇ?" ಅಂತ ಕೇಳಿದರು.

ಧೈರ್ಯ ಬಂದ ಮೇಲೆ ಮಾಡಿದ್ದು ಎರಡನೇ ತಪ್ಪು. ಐದನೇ ನಂಬರಿನ ಅಲೆನ್ ಕೀ (ಎಲ್ ಆಕಾರದ, ಆರು ಮೂಲೆಯ ಕೀಲಿ) ತಗೊಂಡು ಸೀಟ್ ಕ್ಲ್ಯಾಂಪ್ ಸಡಿಲ ಮಾಡಿ, ಒಂದೇ ಏಟಿಗೆ ಏಳು ಸೆಂಟಿಮೀಟರ್ ಏರಿಸಿದೆ. ಮೊದಲ ದಿನ ಸ್ವರ್ಗ. ಕಾಲು ಉದ್ದವಾದ ಹಾಗೆ, ಲಿಂಗಾಂಬುಧಿ ಕೆರೆ ತನಕ ಹಾರಿಕೊಂಡೇ ಹೋದೆ. ಮೂರನೇ ದಿನ ಮಂಡಿ ಮುಂದಿನ ನೋವು ಮಾಯ, ಆದರೆ ಮಂಡಿಯ ಹಿಂದೆ, ಮಡಿಕೆಯ ಹತ್ತಿರ ನರ ಹಿಡಿದ ಹಾಗೆ ಬೇರೊಂದು ನೋವು. ಹಿಂದೆ ಬರುತ್ತಿದ್ದ ಗೆಳತಿ ಹೇಳಿದಳು, "ನಿನ್ನ ಸೊಂಟ ಅತ್ತಿತ್ತ ಕುಣೀತಿದೆ ಕಣೇ, ಪೆಡಲ್ ಹುಡುಕ್ತಾ ಇದ್ದೀಯಾ?" ಅವಳು ತಮಾಷೆಗೆ ಅಂದಿದ್ದು ಅಕ್ಷರಶಃ ನಿಜ. ಪೆಡಲ್ ಕೆಳಗೆ ಹೋದಾಗ ಕಾಲು ಸಾಲದೆ ಸೊಂಟವೇ ಆ ಕಡೆ ಇಳಿಯುತ್ತಿತ್ತು. ಸೀಟು ತಗ್ಗಿದರೆ ಮಂಡಿಯ ಮುಂದೆ, ಎತ್ತರವಾದರೆ ಮಂಡಿಯ ಹಿಂದೆ. ಎರಡೂ ನೋವನ್ನು ಒಂದೇ ತಿಂಗಳಲ್ಲಿ ತಿಂದೆ.

ಆಗ ಸರಿಯಾಗಿ ಅಳೆದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ನಿಘಂಟೊಂದನ್ನು ಎರಡು ಕಾಲಿನ ಸಂದಿಗೆ ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿದೆ. ಅದರ ಮೇಲಂಚಿಗೆ ಮಗ ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದ. ನೆಲದಿಂದ 74 ಸೆಂಟಿಮೀಟರ್. ಇದನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ ಆಕ್ಸಲ್‌ನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ ಸಿಗುತ್ತದೆ. ಈ ಲೆಕ್ಕ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಲ್ಲಿ ಓಡಾಡುತ್ತದೆ. 1986, 1989, 1990ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದವರು. ಅವರ ಲೆಕ್ಕ ಹಾಲು ತರಲು ಹೋಗುವ ನನಗೆ ಯಾಕೆ ಅಂತ ನಗು ಬಂತು. ಉತ್ತರ 65.3. ಹುಡುಗ ಕೂರಿಸಿ ಕೊಟ್ಟಿದ್ದ ಸೀಟು 60ರಲ್ಲಿತ್ತು, ನಾನು ಏರಿಸಿದ್ದು 67ಕ್ಕೆ.

ಅದನ್ನೇ ವೇದವಾಕ್ಯ ಅಂದುಕೊಳ್ಳಬೇಕಿಲ್ಲ. ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತಿರುಗಿಸಿ ನೋಡಿದೆ. ಪೆಡಲ್ ತೀರಾ ಕೆಳಗಿರುವಾಗ ಕಾಲು ಸುಮ್ನೆ ನೇರವಾಗಬೇಕು, ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗ ಪೆಡಲ್ ಮೇಲೆ ಬಂದರೆ ಮಂಡಿ ತಾನಾಗಿ ಸ್ವಲ್ಪ ಬಾಗುತ್ತದೆ. ಆ ಬಾಗು 25ರಿಂದ 35 ಡಿಗ್ರಿ ಒಳಗಿದ್ದರೆ ಒಳ್ಳೆಯದು. ನನಗೆ ಹಿತ ಅನ್ನಿಸಿದ್ದು 65. ಎಲ್ಲ ಸರಿ ಅಂತ ಅನ್ನಿಸಿದ ದಿನ ಸೀಟ್ ಪೋಸ್ಟ್ ಮೇಲೆ ಗುಲಾಬಿ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆದೆ. (ಪೋಸ್ಟ್ ಮೇಲೆ ಕಂಪನಿಯವರೇ ಕೊರೆದ ಇನ್ನೊಂದು ಗೆರೆ ಇರುತ್ತದೆ. ಅದು ಹೊರಗೆ ಕಾಣುವಷ್ಟು ಏರಿಸಬಾರದು, ಪೈಪ್ ಮುರಿಯಬಹುದು.)

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಸೀಟು ಏರಿದ ಮೇಲೆ ಹ್ಯಾಂಡಲ್ ತಗ್ಗಾದಂತಾಯಿತು. ಮೊದಲೇ ದೊಡ್ಡ ಫ್ರೇಮು. ನನಗೂ ಹ್ಯಾಂಡಲ್‌ಗೂ ನಡುವೆ ಮೈದಾನದಷ್ಟು ಜಾಗ. ಜೊತೆಗೆ ಎಲ್ಲೋ ಓದಿ ಇನ್ನೊಂದು ಪರೀಕ್ಷೆ ಮಾಡಿದ್ದೆ. ಪೆಡಲುಗಳನ್ನು ನೆಲಕ್ಕೆ ಸಮನಾಗಿ ಹಿಂದೆ ಮುಂದೆ ನಿಲ್ಲಿಸಿ, ಮುಂದಿನ ಮಂಡಿಚಿಪ್ಪಿನ ಕೆಳಗಿನಿಂದ ದಾರಕ್ಕೊಂದು ನಟ್ ಕಟ್ಟಿ ಬಿಡುವುದು, ಗಾರೆಯವರು ಗೋಡೆಗೆ ಗುಂಡು ಬಿಟ್ಟ ಹಾಗೆ. ಅದು ಪೆಡಲಿನ ಆಕ್ಸಲ್ ಮೇಲೆ ಬೀಳಬೇಕು. ನನ್ನದು ಎರಡು ಬೆರಳು ಮುಂದೆ ಬಿತ್ತು. ಸೀಟನ್ನು ಹಿಂದಕ್ಕೆ ತಳ್ಳಿದೆ. ಮಂಡಿಗೆ ಹಾಯೆನಿಸಿತು. ಕೈಗೆ ಶನಿ ಹಿಡಿಯಿತು.

ಐದಾರು ಕಿಲೋಮೀಟರ್ ದಾಟಿದರೆ ಕಿರುಬೆರಳು, ಉಂಗುರಬೆರಳು ಜೋಮು. ಮನೆಗೆ ಬಂದು ಕಾಫಿ ಲೋಟ ಹಿಡಿದರೆ ಲೋಟ ಇದೆಯೋ ಇಲ್ಲವೋ ತಿಳಿಯದು. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಒಂದು ನರ ಹಾದು ಹೋಗುತ್ತದೆ. ಮೈಭಾರವೆಲ್ಲ ಅಲ್ಲಿ ಬಿದ್ದರೆ ಆ ಎರಡು ಬೆರಳು ಸಾಯುತ್ತವೆ. ಗ್ಲೌಸ್ ತಂದೆ. ಮೆತ್ತನೆಯ ಗ್ರಿಪ್ ಹಾಕಿಸಿದೆ. ಜೆಲ್ ಸೀಟ್ ಕವರ್ ಕೂಡ ತಂದೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಆದರೂ. ಒಟ್ಟು ಸಾವಿರದ ಮುನ್ನೂರು ರೂಪಾಯಿ ಕಳೆದ ಮೇಲೆ ಸೀಟಿನ ಮೂತಿ ಕಣ್ಣಿಗೆ ಬಿತ್ತು.

ಸೀಟಿನ ಮೂತಿ ಕೆಳಗೆ ಬಾಗಿತ್ತು. ನಾನೇ ಬಗ್ಗಿಸಿದ್ದು. ಮುಂದೆ ಒತ್ತುತ್ತದೆ ಅಂತ ಯಾವಾಗಲೋ ಒಂದಿಷ್ಟು ಇಳಿಸಿದ್ದೆ. ಮೂತಿ ಇಳಿದರೆ ಸೀಟು ಜಾರುಬಂಡೆ. ಮೈ ಮುಂದಕ್ಕೆ ಜಾರುತ್ತ ಇರುತ್ತದೆ, ಅದನ್ನು ತಡೆಯುವ ಕೆಲಸ ಕೈಗಳಿಗೆ. ಇಡೀ ದಾರಿ ನಾನು ಸೈಕಲ್ ಓಡಿಸುತ್ತಿರಲಿಲ್ಲ, ನನ್ನನ್ನೇ ಹಿಂದಕ್ಕೆ ತಳ್ಳುತ್ತಿದ್ದೆ. ಮಗನ ಫೋನಿನಲ್ಲಿ ನೀರುಮಟ್ಟ ನೋಡುವ ಆ್ಯಪ್ ಇತ್ತು. ಸೀಟಿನ ಮೇಲೊಂದು ರಟ್ಟು, ಅದರ ಮೇಲೆ ಫೋನ್ ಇಟ್ಟು ಸಮ ಮಾಡಿದೆ. ಅರ್ಧ ಜೋಮು ಅಂದೇ ಹೋಯಿತು.

ಉಳಿದರ್ಧಕ್ಕೆ ಸೀಟನ್ನು ಮುಂದೆ ಎಳೆಯೋಣ ಅನ್ನಿಸಿತು. ಎಳೆದರೆ ಮತ್ತೆ ಮಂಡಿ. ಹ್ಯಾಂಡಲ್ ದೂರ ಇದ್ದರೆ ಹ್ಯಾಂಡಲನ್ನೇ ಹತ್ತಿರ ತರಬೇಕು, ಸೀಟನ್ನಲ್ಲ. ಯಜಮಾನರು ಹ್ಯಾಂಡಲ್ ಹಿಡಿದಿರುವ ಸ್ಟೆಮ್ ತೋರಿಸಿದರು. ನನ್ನದು 100 ಮಿಲಿಮೀಟರ್ ಉದ್ದದ್ದು. 60ರದ್ದು, ಸ್ವಲ್ಪ ಮೇಲ್ಮುಖವಾಗಿರುವುದು ಹಾಕಿದರೆ ಮುಗಿಯಿತು. "ಫ್ರೇಮೇ ಸಣ್ಣದು ತಗೊಂಡಿದ್ರೆ ಇದ್ಯಾವ್ದೂ ಬೇಕಾಗ್ತಿರ್ಲಿಲ್ಲ" ಅಂತ ಒಂದು ಮಾತು ಸೇರಿಸಿಯೇ ಹಾಕಿಕೊಟ್ಟರು. ಮೊದಲೆರಡು ದಿನ ಹ್ಯಾಂಡಲ್ ಚೂರು ಅವಸರದಲ್ಲಿ ತಿರುಗಿದ ಹಾಗಾಯಿತು, ಆಮೇಲೆ ಕೈಗೆ ಒಗ್ಗಿತು. ಈಗ ಮೊಣಕೈ ಸ್ವಲ್ಪ ಬಾಗಿರುತ್ತದೆ. ಓಡಿಸುತ್ತಲೇ ಹ್ಯಾಂಡಲ್ ಮೇಲೆ ಬೆರಳಾಡಿಸಿ ತಾಳ ಹಾಕಬಲ್ಲೆ. ತಾಳ ಹಾಕಲು ಆಗದಿದ್ದರೆ ಭಾರ ಕೈ ಮೇಲಿದೆ ಅಂತ ಅರ್ಥ. ಸೀಟು ಹಿಂದೆ ಹೋದ ಮೇಲೆ ಎತ್ತರವನ್ನೂ ಅರ್ಧ ಸೆಂಟಿಮೀಟರ್ ಇಳಿಸಬೇಕಾಯಿತು. ಗುಲಾಬಿ ಗೆರೆ ಅಳಿಸಿ ಹೊಸದು ಎಳೆದೆ, ಕೆಂಪಿನಲ್ಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಅರ್ಧ ಸೆಂಟಿಮೀಟರ್. ಆಮೇಲೆ ಮೂರು ದಿನ ಓಡಿಸಿ ನೋಡು. ಇದನ್ನು ನಾನು ಕಲಿತಿದ್ದು ಎಲ್ಲವನ್ನೂ ಒಟ್ಟಿಗೆ ಬದಲಿಸಿ ಯಾವುದರಿಂದ ಏನಾಯಿತು ಅಂತ ತಿಳಿಯದೆ ಒದ್ದಾಡಿದ ಮೇಲೆ. ಈಗ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಸೀಟಿನ ಲೆಕ್ಕವೂ ಇದೆ.

ಓವರಾಲಿಂಗ್ ದಿನದ್ದು ಹೇಳಲೇಬೇಕು. ಶನಿವಾರ ಮಧ್ಯಾಹ್ನ ಸೈಕಲ್ ಬಿಟ್ಟು ಬರುವ ಬದಲು ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಮೊದಲು ಚೈನ್. ಸ್ಟೀಲ್ ಸ್ಕೇಲ್ ಹಿಡಿದು ತೋರಿಸಿದರು. ಚೈನಿನ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಅರ್ಧ ಇಂಚು. ಅಂದರೆ 24 ಕೊಂಡಿ ಕರೆಕ್ಟಾಗಿ 12 ಇಂಚು ಇರಬೇಕು. ಸವೆದಂತೆಲ್ಲ ಚೈನ್ ಉದ್ದವಾಗುತ್ತದೆ. 12ರ ಮೇಲೆ ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನ್ ಬದಲಿಸಬೇಕು. ಆಗ ಬದಲಿಸಿದರೆ ಚೈನಿನ ದುಡ್ಡಷ್ಟೇ ಹೋಗುತ್ತದೆ. ಎಂಟನೇ ಒಂದು ಭಾಗಕ್ಕೆ ಮುಟ್ಟಿದರೆ ಅಷ್ಟರಲ್ಲಿ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಿನ, ಅಂದರೆ ಫ್ರೀವೀಲಿನ, ಹಲ್ಲುಗಳೂ ಆ ಸವೆದ ಚೈನಿಗೆ ತಕ್ಕ ಹಾಗೆ ಸವೆದಿರುತ್ತವೆ. ಹೊಸ ಚೈನ್ ಅದರ ಮೇಲೆ ಕೂರದೆ ಹಾರುತ್ತದೆ. ನನ್ನದು ಎಂಟನೇ ಒಂದನ್ನೂ ದಾಟಿತ್ತು. ಕೊಬ್ಬರಿ ಎಣ್ಣೆಯ ದಂಡ: ಚೈನ್, ಫ್ರೀವೀಲ್ ಎರಡೂ.

ಆಮೇಲೆ ಹಿಂದಿನ ಚಕ್ರದ ನಡುವಿನ ಗುಂಬ, ಅಂದರೆ ಹಬ್, ಬಿಚ್ಚಿದರು. ತೆಳ್ಳನೆಯ ಸ್ಪ್ಯಾನರ್‌ನಿಂದ ಬಾಲ್ಸನ್ನು ಒತ್ತಿ ಹಿಡಿಯುವ ಕೋನ್ ಸಡಿಲಿಸಿ ಆಕ್ಸಲ್ ಎಳೆದಾಗ, ಡಬ್ಬಿಯ ಮುಚ್ಚಳಕ್ಕೆ ಟಣಟಣ ಅಂತ ಬಾಲ್ಸು, ಬೇರಿಂಗಿನ ಉಕ್ಕಿನ ಗುಂಡುಗಳು, ಬಿದ್ದವು. ಒಂದು ಕಡೆಗೆ ಒಂಬತ್ತು, ಇನ್ನೊಂದು ಕಡೆಗೆ ಒಂಬತ್ತು, ಕಾಲಿಂಚಿನವು. ಗ್ರೀಸ್ ಇರಬೇಕಾದ ಕಡೆ ಇದ್ದದ್ದು ಹಾಲು ಜಾಸ್ತಿಯಾದ ಕಾಫಿ ಬಣ್ಣದ ಲೋಳೆ. ನೀರು ಸೇರಿದ ಗ್ರೀಸ್ ಹಾಗಾಗುತ್ತದಂತೆ. ವಾಟರ್ ಸರ್ವೀಸ್‌ನ ಆ ಜೋರು ನೀರು ಸೀಲ್ ದಾಟಿ ಒಳಗೆ ನುಗ್ಗಿ, ಎರಡು ತಿಂಗಳು ಅಲ್ಲೇ ಮನೆ ಮಾಡಿಕೊಂಡಿತ್ತು. ಯಜಮಾನರು ಒಂದು ಬಾಲನ್ನು ಬಟ್ಟೆಯಲ್ಲಿ ಒರೆಸಿ ನನ್ನ ಅಂಗೈಗೆ ಹಾಕಿದರು. ಹೊಸದನ್ನು ಪಕ್ಕಕ್ಕಿಟ್ಟರು. ಹೊಸದರಲ್ಲಿ ಹೊಂಗೆಮರ ಕಾಣುತ್ತಿತ್ತು. ಹಳೆಯದು ಮಂಕಾಗಿ, ಮೈತುಂಬ ಸಿಡುಬಿನ ಕಲೆ.

ಕಪ್‌ಗಳನ್ನು ಡೀಸೆಲ್‌ನಲ್ಲಿ ತೊಳೆದು, ಬೆರಳಲ್ಲಿ ಗ್ರೀಸ್ ಮೆತ್ತಿ, ಬಾಲ್‌ಗಳನ್ನು ಒಂದೊಂದಾಗಿ ಕೂರಿಸಿದರು. ಎರಡನೇ ಕಡೆಯದನ್ನು ನನ್ನ ಕೈಲಿ ಮಾಡಿಸಿದರು. ಎಂಟು ಕೂತವು, ಒಂಬತ್ತನೆಯದು ಸ್ಟೂಲ್ ಕೆಳಗೆ ಉರುಳಿಹೋಗಿ ಹದಿನೈದು ನಿಮಿಷ ಹುಡುಕಿದೆವು. ಕೋನ್ ಬಿಗಿಯುವುದರಲ್ಲೇ ಎಲ್ಲ ಇರುವುದು. ಜಾಸ್ತಿ ಬಿಗಿದರೆ ಚಕ್ರ ಉಜ್ಜುತ್ತದೆ, ಕಮ್ಮಿಯಾದರೆ ಲಟಲಟ ಅಲ್ಲಾಡುತ್ತದೆ. ಬಿಗಿದು, ತಿರುಗಿಸಿ, ಆಕ್ಸಲನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ಮತ್ತೆ ಕಾಲು ಸುತ್ತು. ಐದಾರು ಸಲ ಮಾಡಿದ ಮೇಲೆ ಚಕ್ರವನ್ನು ನನ್ನ ಕೈಗೆ ಕೊಟ್ಟು ತಿರುಗಿಸಿದರು. ಆ ಕರಕರ ಇಲ್ಲ. ಏನೂ ಇಲ್ಲ. ಬಿಸಿ ತುಪ್ಪದಲ್ಲಿ ತಿರುಗಿದ ಹಾಗೆ.

ಪೆಡಲ್ ನಾನೇ ಬಿಚ್ಚುತ್ತೇನೆ ಅಂತ ಹೊರಟು ಮಾನ ಕಳೆದುಕೊಂಡಿದ್ದೂ ಅಂದೇ. ಬಲಗಡೆಯದು ಬಂತು. ಎಡಗಡೆಯದು ಜಪ್ಪಯ್ಯ ಅಂದರೂ ಬರಲಿಲ್ಲ. ಸ್ಪ್ಯಾನರ್ ಮೇಲೆ ಭಾರ ಬಿಟ್ಟೆ, ಜಾರಿ ಗೆಣ್ಣು ತರಚಿತು. ಯಜಮಾನರು ಬೀಡಿ ಆರಿಸಿ ಎದ್ದು ಬಂದರು. "ಎಡಗಡೆದು ಉಲ್ಟಾ ಮರೆ ಕಣವ್ವ. ನೀವು ಇಷ್ಟೊತ್ತು ಬಿಗೀತಾ ಇದ್ರಿ." ತುಳಿಯುವಾಗ ತಾನಾಗಿ ಸಡಿಲವಾಗಬಾರದು ಅಂತ ಎಡ ಪೆಡಲಿಗೆ ಉಲ್ಟಾ ಮರೆ (ಸ್ಕ್ರೂವಿನ ಸುತ್ತು) ಕೊರೆದಿರುತ್ತಾರೆ. ನನ್ನ ಪೌರುಷವನ್ನೆಲ್ಲ ಬಿಚ್ಚಲು ಅವರು ಉದ್ದನೆಯ ಪೈಪ್ ಹಾಕಬೇಕಾಯಿತು.

ಈಗಿನ ದಿನಚರಿ ದೊಡ್ಡದೇನಲ್ಲ. ವಾರಕ್ಕೊಮ್ಮೆ ಗಾಳಿ, ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೆ. ಹಿಂದಿನದಕ್ಕೆ ಮುಂದಿನದಕ್ಕಿಂತ ಸ್ವಲ್ಪ ಜಾಸ್ತಿ. ಬ್ರೇಕ್ ಲಿವರ್ ಹ್ಯಾಂಡಲ್ ಮುಟ್ಟುತ್ತಿಲ್ಲ ತಾನೇ ಅಂತ ಒಂದು ಸಲ ಹಿಂಡಿ ನೋಡುತ್ತೇನೆ. ಹದಿನೈದು ದಿನಕ್ಕೊಮ್ಮೆ ಚೈನನ್ನು ಹಳೇ ಬನಿಯನ್ನಿನಲ್ಲಿ ಒರೆಸಿ, ಚೈನಿಗೆಂದೇ ಮಾಡಿದ ಎಣ್ಣೆಯನ್ನು ಕೊಂಡಿಗೊಂದು ಹನಿ ಬಿಟ್ಟು, ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಮೇಲಿನದನ್ನೆಲ್ಲ ಒರೆಸಿಬಿಡುತ್ತೇನೆ. ಎಣ್ಣೆ ಬೇಕಿರುವುದು ಕೊಂಡಿಯ ಒಳಗೆ. ಹೊರಗೆ ಉಳಿದದ್ದು ದೂಳು ಕರೆಯುತ್ತದೆ, ಚೂಡಿದಾರದ ಪ್ಯಾಂಟಿಗೂ ಮೆತ್ತಿಕೊಳ್ಳುತ್ತದೆ. ಬೆಟ್ಟಕ್ಕೆ ಈಗಲೂ ಹೋಗುತ್ತೇನೆ. ತಾವರೆಕಟ್ಟೆ ಬಂದ ಕೂಡಲೇ ನಾಚಿಕೆ ಬಿಟ್ಟು ಸಣ್ಣ ಗೇರಿಗೆ ಇಳಿಸುತ್ತೇನೆ. ಹದಿನೈದು ಸೆಕೆಂಡಿಗೆ ಬಲಮಂಡಿ ಎಷ್ಟು ಸಲ ಮೇಲೆ ಬಂತು ಅಂತ ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ. ಮೊದಲು ಏರಿನಲ್ಲಿ ಸುಮಾರು 45 ಬರುತ್ತಿತ್ತು, ಈಗ 65, 70ರ ಆಸುಪಾಸು. ಹಿಂದಿನಿಂದ ಬಂದವರು ದಾಟಿ ಹೋಗುತ್ತಾರೆ. ಹೋಗಲಿ. ಮನೆಗೆ ಬಂದು ಮಹಡಿ ಮೆಟ್ಟಿಲು ಇಳಿಯುವಾಗ ಮಂಡಿಯ ನೆನಪೇ ಆಗುವುದಿಲ್ಲ.

ಈ ಸಲ ಆಯುಧಪೂಜೆಗೆ ಸೈಕಲ್ಲನ್ನು ಅಂಗಳದಲ್ಲೇ ಬಕೆಟ್ ನೀರು, ಬಟ್ಟೆಯಲ್ಲಿ ಒರೆಸಿದೆ. ಹಬ್ ಹತ್ತಿರ ನೀರು ಹೋಗದ ಹಾಗೆ ಬಟ್ಟೆ ಹಿಂಡಿ ಹಿಂಡಿ ಒರೆಸುವುದನ್ನು ಕಂಡು "ಮಗೂಗೆ ಸ್ನಾನ ಮಾಡಿಸ್ತಿದ್ದೀಯಾ?" ಅಂದರು ಮನೆಯವರು. ಹ್ಯಾಂಡಲ್‌ಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದು ಹ್ಯಾಂಡಲ್‌ಗೆ ಹಚ್ಚಿದರು, ಬಾರ್‌ಗೆ ಹಚ್ಚಿದರು, ಸೀಟಿನ ಕೆಳಗೆ ಬಗ್ಗಿದವರು ಹಾಗೇ ನಿಂತರು.

"ಇಲ್ಲಿಗೆ ಆಗಲೇ ಯಾರೋ ಹಚ್ಚಿಬಿಟ್ಟಿದ್ದಾರಲ್ಲೇ" ಅಂದರು, ಕೆಂಪು ಗೆರೆ ನೋಡಿ.